ಕದಲದ ಬಿಂದು

"ಹದಿನೇಳು ಪಾಯಿಂಟ್ ಆರು," ಎಂದು ಓದಿದ ಎಂಜಿನಿಯರಮ್ಮ, ಓದಿದ್ದನ್ನು ತಾನೇ ನಂಬದೆ ಪರದೆಯ ಹತ್ತಿರಕ್ಕೆ ಬಾಗಿದಳು.

"ಅಂಕಿ ಕಂಡು ಯಾಕಮ್ಮ ಹಾವು ಕಂಡ ಹಾಗೆ ಮಾಡ್ತೀರಿ?" ಎಂದ ದರ್ಜಿ.

"ಹದಿನೇಳು ಪಾಯಿಂಟ್ ಆರು ಮಿಲಿಮೀಟರಿನ ತೂತು ಅಂತ ಯಾರೂ ಬರೆಯೋದಿಲ್ಲ ಸಾರ್. ಆದ್ರೆ ಗೆರೆಯನ್ನೇ ಅಳೆದ್ರೆ ಇಷ್ಟೇ ಬರ್ತಿದೆ. ನಾನು ಬರೆದದ್ದು ಇಪ್ಪತ್ತೆರಡು."

ಶನಿವಾರ ಮಧ್ಯಾಹ್ನ. ಆಫೀಸು ಒಂದು ಗಂಟೆಗೇ ಖಾಲಿಯಾಗಿತ್ತು. ಆರು ಮೇಜು, ಆರು ಕಂಪ್ಯೂಟರು, ಗೋಡೆಗೆ ಒರಗಿಸಿಟ್ಟ ನಕ್ಷೆಯ ಸುರುಳಿಗಳು. ದೊಡ್ಡ ಪ್ರಿಂಟರಿನ ಮೇಲೆ ಯಾರೋ ಮರೆತು ಹೋದ ಟೀ ಲೋಟ.

ಎಂಟು ದಿನದ ಹಿಂದೆ ನಾಟಕ ಮಂದಿರದ ಗೊಂಚಲು ದೀಪ ಕಳಚಿಬಿದ್ದು ಕೆಳಗೆ ಕಸ ಗುಡಿಸುತ್ತಿದ್ದ ಹೆಂಗಸಿನ ಸೊಂಟ ಮುರಿದಿತ್ತು. ದೀಪ ಹೊತ್ತಿದ್ದ ಬ್ರಾಕೆಟ್ಟನ್ನು ಮಾಡಿದ ವೆಲ್ಡರ್ ಲಾಕಪ್ಪಿನಲ್ಲಿದ್ದ. ನಿನ್ನೆ ಠಾಣೆಯಲ್ಲಿ ಆ ಮುರಿದ ಬ್ರಾಕೆಟ್ಟನ್ನು ದರ್ಜಿ ಅಳೆದು ನೋಡಿದ್ದ. ಅದರ ಕತ್ತಿನ ಅಗಲ ಕಾಗದದಲ್ಲಿ ಅರವತ್ತು ಮಿಲಿಮೀಟರ್. ಕಬ್ಬಿಣದಲ್ಲಿ ನಲವತ್ತೆಂಟು.

ದರ್ಜಿ ಅನ್ನುವುದು ಅವನ ಹೆಸರಲ್ಲ. ಪೊಲೀಸರ ಸಮವಸ್ತ್ರ ಹೊಲಿಯುವ ಕೆಲಸಕ್ಕೆ ಸೇರಿ, ಒಮ್ಮೆ ಕಳ್ಳನೊಬ್ಬ ಬಿಟ್ಟುಹೋದ ಅಂಗಿಯ ಹೊಲಿಗೆ ನೋಡಿ ಅದನ್ನು ಹೊಲಿದವನನ್ನೂ, ಅವನ ಮೂಲಕ ಕಳ್ಳನನ್ನೂ ಹಿಡಿದುಕೊಟ್ಟಿದ್ದ. ಅಂದಿನಿಂದ ಸೂಜಿ ಬಿಡಿಸಿ ತನಿಖೆಗೆ ಹಾಕಿದರು. ಹೊಲಿಗೆ ಕೆಲಸ ಹೋಯಿತು, ನಿವೃತ್ತಿಯಾಗಿ ಇಲಾಖೆಯೂ ಹೋಯಿತು, ಹೆಸರು ಮಾತ್ರ ಅಂಟಿಕೊಂಡಿತು.

ಅವನನ್ನು ಕರೆಸಿದವಳು ಎಂಜಿನಿಯರಮ್ಮನೇ. ಬೇಡವೆಂದಿದ್ದವನು ಅವಳ ಅಣ್ಣ. ಸೈಟು, ಗುತ್ತಿಗೆ, ಕಬ್ಬಿಣದ ಖರೀದಿ, ಓಡಾಟ ಎಲ್ಲ ಅವನದು. "ವೆಲ್ಡರ್ ಕೆಲಸ ಕೆಡಿಸಿದ್ದಾನೆ, ನೀನ್ಯಾಕೆ ತಲೆ ಕೆಡಿಸ್ಕೊತೀಯ?" ಎಂದಿದ್ದ. ಆದರೆ ನಕ್ಷೆಯ ಕೆಳಗೆ ಸಹಿ ಇದ್ದದ್ದು ಇವಳದು.

"ಅರವತ್ತು ನಲವತ್ತೆಂಟಾಯ್ತು. ಇಪ್ಪತ್ತೆರಡು ಹದಿನೇಳು ಪಾಯಿಂಟ್ ಆರಾಯ್ತು." ಅವಳು ಕಾಗದದ ಚೂರಿನ ಮೇಲೆ ಭಾಗಿಸಿದಳು. "ಎರಡೂ ನೂರಕ್ಕೆ ಎಂಬತ್ತು. ಇದು ಕೈತಪ್ಪಿ ಆದದ್ದಲ್ಲ. ಯಾರೋ ಇಡೀ ಬ್ರಾಕೆಟ್ಟನ್ನ ಆರಿಸಿ, ಸ್ಕೇಲ್ ಅಂತ ಕೊಟ್ಟು, ಪಾಯಿಂಟ್ ಎಂಟು ಒತ್ತಿದ್ದಾರೆ. ಅದರಲ್ಲಿದ್ದ ಪ್ರತಿಯೊಂದೂ ಒಂದೇ ಲೆಕ್ಕದಲ್ಲಿ ಕುಗ್ಗಿದೆ."

"ತಡೀರಿ, ನನ್ನ ಭಾಷೇಲಿ ಹೇಳ್ತೀನಿ. ಅಂಗಿ ಕುಗ್ಗಿಸಿದ್ರು. ಅಂಗಿ ಜೊತೆ ಗುಂಡಿ ತೂರೋ ಕಾಜಾನೂ ಕುಗ್ಗಿತು. ಆದ್ರೆ ಗುಂಡಿ ಅಂಗಡಿಯಿಂದ ತಂದದ್ದು. ಅದು ಕುಗ್ಗಲಿಲ್ಲ."

"ಗುಂಡಿ ಅಂದ್ರೆ ಬೋಲ್ಟು. ಸರಿಯಾಗೇ ಹೇಳಿದ್ರಿ."

"ಅದಕ್ಕೇ ವೆಲ್ಡರಿಗೆ ಬೋಲ್ಟು ತೂರಲಿಲ್ಲ. ಆಗ ಅವನು ಈ ಆಫೀಸಿಗೆ ಫೋನ್ ಮಾಡ್ದ." ದರ್ಜಿ ಅವಳ ಮುಖವನ್ನೇ ನೋಡುತ್ತ ಹೇಳಿದ. "'ತೂತು ದೊಡ್ಡದು ಮಾಡ್ಕೊಳಪ್ಪ, ಏನಾಗಲ್ಲ' ಅಂತ ಉತ್ತರ ಬಂತಂತೆ. ಹೆಂಗಸಿನ ದನಿ. ಮೇಡಮ್ಮಂದೇ ದನಿ ಅಂತ ಅವನು ಆಣೆ ಮಾಡಿ ಹೇಳ್ತಾನೆ."

"ಆ ವಾರ ನಾನು ಜ್ವರ ಬಂದು ಮನೇಲಿ ಮಲಗಿದ್ದೆ ಅಂತ ಎಷ್ಟು ಸಲ ಹೇಳ್ಲಿ? ಒಂದೇ ಒಂದು ದಿನ ಬಂದು ಕಾಗದಗಳಿಗೆ ಸಹಿ ಹಾಕಿ ಹೋದೆ."

"ಸೋಮವಾರ ಇನ್ಸ್‌ಪೆಕ್ಟರ್ ಕೇಳ್ತಾರಲ್ಲ, ಅವರಿಗೂ ಇದನ್ನೇ ಹೇಳಿ. ಈಗ ನನಗೊಂದು ತಿಳಿಸಿ. ಗೆರೆ ನಲವತ್ತೆಂಟಾದ ಮೇಲೂ ಕಾಗದದಲ್ಲಿ ಅರವತ್ತು ಅಂತಲೇ ಹೇಗೆ ಉಳೀತು?"

ಅವಳು ಅರವತ್ತರ ಅಂಕಿಯ ಮೇಲೆ ಒತ್ತಿದಳು. ಪಕ್ಕದಲ್ಲಿ ಉದ್ದನೆಯ ಪಟ್ಟಿಯೊಂದು ತೆರೆಯಿತು. ಒಂದೊಂದೇ ಸಾಲು ಓದುತ್ತ ಹೋದಳು. ಒಂದು ಕಡೆ ನಿಂತಳು.

"ಈ ಅಂಕಿ ಯಾರೂ ಟೈಪ್ ಮಾಡಿದ್ದಲ್ಲ. ಕಂಪ್ಯೂಟರೇ ಗೆರೆ ಅಳೆದು ಬರೆದದ್ದು. ಆದ್ರೆ ಅಳೆದದ್ದನ್ನ ಯಾವುದರಿಂದ ಗುಣಿಸಿ ತೋರಿಸಬೇಕು ಅಂತ ಇಲ್ಲೊಂದು ಸಂಖ್ಯೆ ಇರುತ್ತೆ. ಯಾವಾಗಲೂ ಒಂದು. ನೋಡಿ, ಈಗ ಒಂದೂಕಾಲು."

"ನಲವತ್ತೆಂಟು ಒಂದೂಕಾಲಿಂದ ಗುಣಿಸಿದ್ರೆ..."

"ಅರವತ್ತು."

ದರ್ಜಿ ನಿಧಾನವಾಗಿ ಕುರ್ಚಿಗೆ ಒರಗಿದ. "ಅಂದ್ರೆ ಬಟ್ಟೇನೂ ಕುಗ್ಗಿಸಿ, ಟೇಪಿಗೂ ಸುಳ್ಳು ಹೇಳೋದು ಕಲಿಸಿದ್ದಾರೆ."

"ಕಾಗದ ನೋಡೋ ಮನುಷ್ಯರು ಅಂಕಿ ಓದ್ತಾರೆ. ಕತ್ತರಿಸೋ ಯಂತ್ರ ಅಂಕಿ ಓದೋದಿಲ್ಲ ಸಾರ್. ಗೆರೆ ಹಿಡಿದು ಹೋಗುತ್ತೆ. ನಾನು ಓದಿದ್ದು ಅರವತ್ತು, ಯಂತ್ರ ಕತ್ತರಿಸಿದ್ದು ನಲವತ್ತೆಂಟು." ಅವಳ ದನಿ ಸಣ್ಣಗಾಯಿತು. "ಈ ಫೈಲಿನ ಪಾಸ್‌ವರ್ಡು ಗೊತ್ತಿರೋದು ನಮ್ಮ ಮನೆಯವರಿಗೆ ಮಾತ್ರ. ನನಗೆ, ಅಣ್ಣನಿಗೆ, ತಂಗಿ ಪುಟ್ಟಿಗೆ."

"ಅಣ್ಣಂಗೆ ಇದೆಲ್ಲ ಬರುತ್ತಾ?"

"ಅವನು ಡ್ರಾಯಿಂಗ್ ತೆಗೆದು ನೋಡ್ತಾನೆ ಅಷ್ಟೆ. ಪುಟ್ಟಿ ನನ್ನಷ್ಟೇ ಚೆನ್ನಾಗಿ ಮಾಡ್ತಾಳೆ. ನಾನೇ ಕಲಿಸಿದ್ದು." ತಡೆದು ಹೇಳಿದಳು: "ಅವಳು ಹಾಲು ಕುಡಿಯೋ ಮಗು ಇದ್ದಾಗಲೇ ಅಮ್ಮ ಹೋದಳು. ನನ್ನ ಸೊಂಟದ ಮೇಲೆ ಬೆಳೆದ ಹುಡುಗಿ. ಈಗ ನನ್ನ ಮಗಳು ಅವಳ ಸೊಂಟ ಬಿಟ್ಟು ಇಳಿಯೋದಿಲ್ಲ. ಆ ಕಡೆ ನೋಡಬೇಡಿ."

ದರ್ಜಿ ಯಾವ ಕಡೆಯೂ ನೋಡಲಿಲ್ಲ. "ಕುಗ್ಗಿಸಿದವರು ಏನಾದ್ರೂ ಗುರುತು ಬಿಟ್ಟಿರ್ತಾರಾ? ನಮ್ಮಲ್ಲಿ ಕತ್ತರಿ ಹಾಕಿದ ಕಡೆ ಕೈ ಗೊತ್ತಾಗುತ್ತೆ."

ಆ ಮಾತು ಅವಳಿಗೆ ಎಲ್ಲೋ ತಾಕಿತು. ಚೀಲದಿಂದ ಪೆನ್‌ಡ್ರೈವ್ ತೆಗೆದಳು. ಜ್ವರಕ್ಕೆ ಮುಂಚೆ ಮನೆಗೊಯ್ದಿದ್ದ ಹಳೆಯ ಪ್ರತಿ ಅದರಲ್ಲಿತ್ತು. ಅದನ್ನು ಕೆಂಪು ಮಾಡಿ, ಕುಗ್ಗಿದ್ದನ್ನು ಹಸಿರು ಮಾಡಿ, ಒಂದರ ಮೇಲೊಂದು ಇಟ್ಟಳು.

"ಕುಗ್ಗಿಸುವಾಗ ಅದು ಒಂದು ಪ್ರಶ್ನೆ ಕೇಳುತ್ತೆ. ಯಾವ ಬಿಂದು ಹಿಡಿದು ಕುಗ್ಗಿಸಲಿ ಅಂತ. ನಾವು ತೋರಿಸಿದ ಬಿಂದು ಕದಲೋದಿಲ್ಲ. ಉಳಿದದ್ದೆಲ್ಲ ಅದರ ಕಡೆಗೆ ಸರಿಯುತ್ತೆ."

"ಆ ಬಿಂದು ಎಲ್ಲಿತ್ತು ಅಂತ ಈಗ ತಿಳಿಯುತ್ತಾ?"

"ಯಾಕೆ ತಿಳಿಯೋದಿಲ್ಲ?"

ಕೆಂಪು ಬ್ರಾಕೆಟ್ಟಿನ ಒಂದು ಮೂಲೆಯಿಂದ ಹಸಿರು ಬ್ರಾಕೆಟ್ಟಿನ ಅದೇ ಮೂಲೆಗೆ ಗೆರೆ ಎಳೆದು ಮುಂದಕ್ಕೆ ಬಿಟ್ಟಳು. ಇನ್ನೊಂದು ಮೂಲೆಯಿಂದ ಇನ್ನೊಂದು ಗೆರೆ. ತೂತಿನ ನಡುವಿನಿಂದ ಮೂರನೆಯದು.

ಮೂರೂ ಹೋಗಿ ಹೋಗಿ ಒಂದೇ ಕಡೆ ಕೂಡಿದವು. ಬ್ರಾಕೆಟ್ಟಿನ ಮೇಲಲ್ಲ, ಅದರ ನಡುವೆಯೂ ಅಲ್ಲ. ಹಾಳೆಯ ಚೌಕಟ್ಟಿನ ಎಡಗಡೆಯ ಮೇಲಿನ ಮೂಲೆಯಲ್ಲಿ.

ಎಂಜಿನಿಯರಮ್ಮ ಮೌಸಿನಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡಳು.

"ಯಾರದು ಈ ಅಭ್ಯಾಸ?" ಎಂದ ದರ್ಜಿ.

"ಗೊತ್ತಿಲ್ಲ."

ಅವಳು ನೀರಿನ ಬಾಟಲಿ ಎತ್ತಿಕೊಂಡಳು, ಕುಡಿಯದೆ ಕೆಳಗಿಟ್ಟಳು.

"ಅಮ್ಮಾ, ಮೂವತ್ತೆರಡು ವರ್ಷ ಈ ಕೆಲಸ ಮಾಡಿದ್ದೀನಿ. 'ಗೊತ್ತಿಲ್ಲ'ದಲ್ಲಿ ಎರಡು ಜಾತಿ. ನಿಜವಾಗಿ ಗೊತ್ತಿಲ್ಲದ್ದು ಒಂದು, ಹೇಳೋಕೆ ಮನಸ್ಸಿಲ್ಲದ್ದು ಇನ್ನೊಂದು. ನಿಮ್ಮದು ಎರಡನೇದು."

"ಪುಟ್ಟಿ ಯಾವಾಗಲೂ ನಡುಮಧ್ಯ ಹಿಡೀತಾಳೆ," ಎಂದಳು ಅವಳು ಕೊನೆಗೆ. "ಆಫೀಸಿನ ಉಳಿದ ಹುಡುಗಿಯರೆಲ್ಲ ಎಡಗಡೆ ಕೆಳಗಿನ ಮೂಲೆ, ಕ್ಲಾಸಿನಲ್ಲಿ ಹಾಗೇ ಕಲಿಸ್ತಾರೆ. ಹಾಳೆಯ ಮೇಲಿನ ಮೂಲೆ ಹಿಡಿಯೋದು ನಾನೊಬ್ಬಳೇ. ಮತ್ತೆ... ನನಗೆ ಕಲಿಸಿದವರು."

"ಯಾರು?"

"ಮೇಷ್ಟ್ರು."

ಹದಿನಾರನೆಯ ವಯಸ್ಸಿನಲ್ಲಿ ಅವಳ ಕೈಗೆ ಪೆನ್ಸಿಲ್ ಕೊಟ್ಟವರು. ಮರದ ಹಲಗೆಗೆ ಹಾಳೆ ಹೊಂದಿಸಿ ಮೊದಲ ಪಿನ್ನನ್ನು ಎಡಗಡೆ ಮೇಲೆ ಚುಚ್ಚಿಸಿ, ಎಲ್ಲ ಅಳತೆಯನ್ನೂ ಅಲ್ಲಿಂದಲೇ ಶುರುಮಾಡಿಸಿದವರು. ಈಗ ಎಪ್ಪತ್ತೊಂದು. ಆಫೀಸಿನಿಂದ ಹೊರಗೆ ಹೋಗುವ ಪ್ರತಿ ನಕ್ಷೆಯ ಮೇಲೂ ಅವರ ಕೆಂಪು ಪೆನ್ಸಿಲಿನ ಗುರುತು ಬಿದ್ದ ಮೇಲೆಯೇ ಇವಳ ಸಹಿ.

"ಆದ್ರೆ ಅವರು ಕಂಪ್ಯೂಟರ್ ಮುಟ್ಟೋದೇ ಇಲ್ಲ ಸಾರ್. 'ಇಲಿ ಹಿಡಿಯೋಕೆ ನಾನೇನು ಬೆಕ್ಕಾ' ಅಂತ ಹದಿನೈದು ವರ್ಷದಿಂದ ಅದೇ ತಮಾಷೆ. ಆನ್ ಮಾಡೋಕೂ ಬರೋದಿಲ್ಲ."

"ಹಾಗಾದ್ರೆ ಉಳಿದದ್ದು ನೀವೊಬ್ಬರೇ."

ಅವಳು ಎದ್ದು ನಿಂತಳು. ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿದಳು. "ಬನ್ನಿ," ಎಂದಳು.

ಮೇಷ್ಟ್ರ ಮನೆ ಎರಡು ಬೀದಿ ಆಚೆ. ಮುಂದಿನ ಕೋಣೆಯ ಅರ್ಧವನ್ನು ಹಳೆಯ ಡ್ರಾಯಿಂಗ್ ಹಲಗೆಯೇ ತುಂಬಿತ್ತು. ಅದರ ಅಂಚಿನಲ್ಲಿ ಪೆನ್ಸಿಲುಗಳು ಎತ್ತರದ ಪ್ರಕಾರ ಸಾಲಾಗಿ ನಿಂತಿದ್ದವು. ಬಾಗಿಲು ತೆರೆದ ಮೇಷ್ಟ್ರು ಅವಳನ್ನು ಕಂಡು ಅರಳಿದರು, ಹಿಂದಿದ್ದ ದರ್ಜಿಯನ್ನು ಕಂಡು ಕನ್ನಡಕ ಸರಿಮಾಡಿಕೊಂಡರು.

"ಬಾ ಮಗೂ. ಇವರೇನಾ ನಿನ್ನ ಪತ್ತೇದಾರರು? ಕೂತ್ಕೊಳ್ಳಿ. ಆ ಸ್ಟೂಲಿನ ಕಾಲು ಸರಿಯಿಲ್ಲ, ಈ ಕಡೆ ಬನ್ನಿ."

ಅವಳು ಕೂರಲಿಲ್ಲ. ಹಲಗೆಯ ಮೇಲೆಯೇ ಲ್ಯಾಪ್‌ಟಾಪ್ ಇಟ್ಟು ತೆರೆದಳು. ಕೆಂಪು, ಹಸಿರು, ಮೂರು ಗೆರೆ.

"ಮೇಷ್ಟ್ರೇ, ಇದನ್ನ ನೋಡಿ. ಯಾರೋ ಬ್ರಾಕೆಟ್ಟನ್ನ ಕುಗ್ಗಿಸಿದ್ದಾರೆ. ಈ ಮೂಲೆ ಹಿಡಿದು."

ಮೇಷ್ಟ್ರು ಪರದೆ ನೋಡಿದರು. ಅವರ ಕಣ್ಣು ನೇರ ಆ ಮೂಲೆಗೆ ಹೋಗಿ, ಅಲ್ಲಿಂದ ಬೇಗ ಹೊರಬಂದುದನ್ನು ದರ್ಜಿ ಗಮನಿಸಿದ.

"ನನಗೆ ಈ ಪೆಟ್ಟಿಗೆ ಅರ್ಥವಾಗಲ್ಲ ಅಂತ ನಿನಗೆ ಗೊತ್ತಲ್ಲ ಮಗೂ."

"ನನಗೂ ಅರ್ಥವಾಗಲ್ಲ ಮೇಷ್ಟ್ರೇ," ಎಂದ ದರ್ಜಿ ಪೆಚ್ಚಾಗಿ. "ನಾನು ಬಟ್ಟೆ ಹೊಲಿಯೋನು. ಇವರು ಹೇಳೋದು ನನ್ನ ತಲೆಗೇ ಹೋಗ್ತಿಲ್ಲ. ಬ್ರಾಕೆಟ್ ಕುಗ್ಗಿಸೋಕೆ ಬ್ರಾಕೆಟ್ಟನ್ನೇ ಹಿಡಿಯೋದು ಬಿಟ್ಟು ದೂರದ ಮೂಲೆ ಯಾಕ್ರೀ ಹಿಡೀಬೇಕು? ಅದು ದಡ್ಡರ ಕೆಲಸ ಅಲ್ವಾ?"

"ದಡ್ಡರ ಕೆಲಸ?" ಮೇಷ್ಟ್ರ ಬೆನ್ನು ನೆಟ್ಟಗಾಯಿತು. ಐವತ್ತು ವರ್ಷ ಪಾಠ ಹೇಳಿದ ಬೆನ್ನು ಅದು. "ಅಲ್ಲ ಸ್ವಾಮಿ. ಹಾಳೆಯ ಮೂಲೆ ಹಿಡಿದ್ರೆ ಹಾಳೆಗೂ ಚಿತ್ರಕ್ಕೂ ಇರೋ ಸಂಬಂಧ ಕೆಡೋದಿಲ್ಲ. ಎಲ್ಲೋ ಒಂದು ಕಡೆ ಹಿಡಿದು ಪಾಯಿಂಟ್ ಎಂಟು ಅಂತ ಒತ್ತಿನೋಡಿ, ಚಿತ್ರ ಹಾಳೆ ಬಿಟ್ಟು ಆಚೆ ಓಡಿಹೋಗುತ್ತೆ. ಆಮೇಲೆ ಹುಡುಕ್ತಾ ಕೂತಿರಬೇಕು."

ಎಂಜಿನಿಯರಮ್ಮ ತಟ್ಟನೆ ಅವರತ್ತ ತಿರುಗಿದಳು.

"ಕಾಗದದ ಮೇಲಿನ ಚಿತ್ರ ಎಲ್ಲಿಗೂ ಓಡಿಹೋಗೋದಿಲ್ಲ ಮೇಷ್ಟ್ರೇ," ಎಂದ ದರ್ಜಿ ಮೆತ್ತಗೆ. "ಮತ್ತೆ ಪಾಯಿಂಟ್ ಎಂಟು ಅನ್ನೋ ಅಂಕಿ ನಾವಿಬ್ಬರೂ ಇಲ್ಲಿ ಹೇಳಿಲ್ಲ."

ಮೇಷ್ಟ್ರ ಕೈ ಹಲಗೆಯ ಅಂಚನ್ನು ಹುಡುಕಿ ಹಿಡಿದುಕೊಂಡಿತು.

ಎಂಜಿನಿಯರಮ್ಮ ಅವರನ್ನೇ ನೋಡುತ್ತಿದ್ದಳು. ಬೇಗ ತೀರಿಕೊಂಡ ಅಪ್ಪನ ಮುಖ ಅವಳ ನೆನಪಿನಲ್ಲಿ ಮಸುಕಾಗಿತ್ತು. ಅಪ್ಪ ಎಂದಾಗ ಕಣ್ಣಿಗೆ ಬರುತ್ತಿದ್ದದ್ದು ಈ ಮುಖ, ಈ ಕನ್ನಡಕ, ಕಿವಿಯ ಸಂದಿಯಲ್ಲಿ ಸಿಕ್ಕಿಸಿದ ಈ ಕೆಂಪು ಪೆನ್ಸಿಲು.

"ಹದಿನೈದು ವರ್ಷ," ಎಂದಳು. "ಬೆಕ್ಕು, ಇಲಿ ಅಂತ ನಗಿಸ್ತಾ ಇದ್ರಿ. ನಿಮಗೆ ಕಷ್ಟ ಅಂತ ನಾನು ಪ್ರತಿ ಡ್ರಾಯಿಂಗೂ ದೊಡ್ಡ ಕಾಗದದಲ್ಲಿ ತೆಗೆಸಿ ಮನೆಗೆ ಕಳಿಸ್ತಿದ್ದೆ."

"ಹದಿನೈದು ಅಲ್ಲ. ಮೂರು ವರ್ಷದಿಂದ ಬರುತ್ತೆ." ಮೇಷ್ಟ್ರು ನೆಲ ನೋಡುತ್ತ ಹೇಳಿದರು. "ನೀನು ಮಧ್ಯಾಹ್ನ ಊಟಕ್ಕೆ ಹೋದಾಗ ಆಫೀಸಿಗೆ ಬಂದು ಕಲಿತೆ. ಅರವತ್ತೆಂಟಕ್ಕೆ ಅ ಆ ಇ ಈ. ಬರೋದಿಲ್ಲ ಅಂತ ಅಷ್ಟು ವರ್ಷ ಮೆರೆದ ಮೇಲೆ, ಬಂತು ಅಂತ ಹೇಳೋಕೆ ನಾಚಿಕೆಯಾಯ್ತು."

"ನಾಚಿಕೆ! ಒಬ್ಬ ಹೆಂಗಸಿನ ಸೊಂಟ ಮುರಿದಿದೆ ಮೇಷ್ಟ್ರೇ. ಎಂಟು ದಿನದಿಂದ ವೆಲ್ಡರ್ ಒಳಗಿದ್ದಾನೆ. ಸೋಮವಾರ ನನ್ನನ್ನೂ ಕರೀತಾರೆ. ಅಷ್ಟೂ ದಿನ ನಮ್ಮ ಮನೇಲಿ ಕೂತು ಟೀ ಕುಡಿದು, 'ಧೈರ್ಯವಾಗಿರು ಮಗೂ' ಅಂತ ನನ್ನ ತಲೆ ಸವರಿ ಹೋಗ್ತಿದ್ರಿ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯ್ತಲ್ಲ! ನಾನು ನಿಮಗೇನು ಮಾಡಿದ್ದೆ?"

"ಅಯ್ಯೋ, ನಾನು ಕೆಡಿಸಲಿಲ್ಲ ಮಗೂ! ಸರಿ ಮಾಡಿದೆ!"

ಆ ಕೂಗಿಗೆ ಅವರೇ ಬೆಚ್ಚಿದರು. ಹಲಗೆಯ ಕೆಳಗಿನ ಡ್ರಾಯರ್ ಎಳೆದು ಒಂದು ಬರೆಯುವ ಪ್ಯಾಡ್ ತೆಗೆದರು. ಕೆಂಪು ಪೆನ್ಸಿಲಿನ ದುಂಡು ಅಕ್ಷರ. ದೀಪದ ಭಾರ, ಅದಕ್ಕೆ ಬೇಕಾದ ಕಬ್ಬಿಣ, ಗುಣಾಕಾರ, ಭಾಗಾಕಾರ. ಕೊನೆಯಲ್ಲಿ ಎರಡು ಸಾಲು: 'ಕತ್ತು ಇರಬೇಕಾದ್ದು ೬೦. ನಕ್ಷೆಯಲ್ಲಿ ಇರುವುದು ೭೫. ಗುಣಿಸಬೇಕಾದ್ದು ೦.೮.'

"ನಿನಗೆ ಜ್ವರ ಬಂದಿತ್ತು. ಜ್ವರದ ಮಂಪರಲ್ಲಿ ನೀನು ಎಲ್ಲ ದೊಡ್ಡದಾಗಿ ಎಳೆದುಬಿಟ್ಟಿದ್ದೀಯ ಅಂದ್ಕೊಂಡೆ. ನನ್ನ ಕಣ್ಣಾರೆ ನೋಡ್ದೆ, ಅರವತ್ತಿರಬೇಕಾದ ಕಡೆ ಎಪ್ಪತ್ತೈದು ಅಂತ ಇತ್ತು. ಪಾಯಿಂಟ್ ಎಂಟರಿಂದ ಕುಗ್ಗಿಸ್ದೆ, ಅರವತ್ತು ಅಂತ ಬಂತು. ಟಿಕ್ ಹಾಕಿದೆ. ನಿನಗೆ ಗೊತ್ತಾದ್ರೆ ನೊಂದ್ಕೊತೀಯ ಅಂತ ಹೇಳಲಿಲ್ಲ. ದೀಪ ಬಿದ್ದ ದಿನ ಮತ್ತೆ ಇದೇ ಲೆಕ್ಕ ಮೂರು ಸಲ ಮಾಡ್ದೆ. ಅರವತ್ತು ಸಾಕು, ಬೇಕಾದಷ್ಟು ಸಾಕು. ಅದಕ್ಕೇ ವೆಲ್ಡರನೇ ಏನೋ ಮಾಡಿದ್ದಾನೆ ಅಂದ್ಕೊಂಡೆ."

"ಮುರಿದ ತುಂಡು ನಾನು ಅಳೆದೆ ಮೇಷ್ಟ್ರೇ," ಎಂದ ದರ್ಜಿ. "ನಲವತ್ತೆಂಟು ಇದೆ."

"ನಲವತ್ತೆಂಟಾ?"

ಮೇಷ್ಟ್ರ ತುಟಿ ಸದ್ದಿಲ್ಲದೆ ಅಲುಗಿತು. ಮಗ್ಗಿ ಹೇಳುವವರ ಹಾಗೆ. ಅರವತ್ತನ್ನು ಪಾಯಿಂಟ್ ಎಂಟರಿಂದ ಗುಣಿಸುತ್ತಿದ್ದರು. ಉತ್ತರ ಬಂದಾಗ ಅವರು ಸರಿಯಿಲ್ಲದ ಆ ಸ್ಟೂಲಿನ ಮೇಲೆಯೇ ಕುಸಿದು ಕೂತರು.

"ಮುಂಚೇನೇ ಅರವತ್ತಿತ್ತಾ?"

"ಅರವತ್ತೇ ಇತ್ತು," ಎಂದಳು ಎಂಜಿನಿಯರಮ್ಮ. ಅವಳ ಸಿಟ್ಟು ಹೊರಟ ವೇಗದಲ್ಲೇ ಎಲ್ಲೋ ಡಿಕ್ಕಿ ಹೊಡೆದು ನಿಂತಿತ್ತು. ಪ್ಯಾಡಿನ ಮೇಲಿನ ಎಪ್ಪತ್ತೈದನ್ನೇ ನೋಡುತ್ತಿದ್ದಳು. "ನಾನು ಎಳೆದದ್ದು ಅರವತ್ತು. ನೀವು ನೋಡೋಕೆ ಮೊದಲೇ ಯಾರೋ ಆ ಗುಣಿಸೋ ಸಂಖ್ಯೇನ ಒಂದೂಕಾಲು ಮಾಡಿದ್ದಾರೆ. ಅರವತ್ತರ ಗೆರೆ ನಿಮಗೆ ಎಪ್ಪತ್ತೈದು ಅಂತ ಕಾಣಿಸ್ತು."

"ಗೆರೆ ಸರಿಯಿತ್ತು. ಟೇಪು ಕೆಟ್ಟಿತ್ತು," ಎಂದ ದರ್ಜಿ. "ನೀವು ಟೇಪನ್ನ ನಂಬಿ ಗೆರೆ ಕತ್ತರಿಸಿದ್ರಿ."

"ಆ ಗುಣಿಸೋ ಸಂಖ್ಯೆ ಅಂತ ಒಂದಿದೆ ಅನ್ನೋದೇ ನನಗೆ ಗೊತ್ತಿಲ್ಲವಲ್ಲ ಸ್ವಾಮಿ! ಅದನ್ನ ನನಗೆ ಕಲಿಸಲೇ ಇಲ್ಲ."

ದರ್ಜಿ ಎದ್ದು ಅವರ ಮುಂದೆ ಕುಕ್ಕರಗಾಲಲ್ಲಿ ಕೂತ. ಗಟ್ಟಿಯಾಗಿ ಯೋಚಿಸುವವನಂತೆ ಹೇಳಿದ. "ಬಹಳ ಬುದ್ಧಿವಂತರ ಕೆಲಸ ಇದು. ಈ ಆಫೀಸಿಂದ ಒಂದು ತಪ್ಪು ಡ್ರಾಯಿಂಗ್ ಆಚೆ ಹೋಗಬೇಕಾದ್ರೆ ಮೇಷ್ಟ್ರ ಕಣ್ಣು ತಪ್ಪಿಸಬೇಕು. ಅದು ಆಗದ ಮಾತು. ಆದ್ರೆ ಮೇಷ್ಟ್ರ ಕೈಯಿಂದಲೇ ಮಾಡಿಸಿದ್ರೆ? ತಾನೇ ತಿದ್ದಿದ್ದನ್ನ ಯಾರೂ ಅನುಮಾನಿಸೋದಿಲ್ಲ. ಈಗ ಹೇಳಿ. ನಿಮಗೆ ಕಂಪ್ಯೂಟರ್ ಕಲಿಸಿದವರು ಯಾರು? ಆ ದಿನ ಪಾಸ್‌ವರ್ಡ್ ಹಾಕಿ ಆ ಫೈಲ್ ತೆಗೆದುಕೊಟ್ಟವರು ಯಾರು?"

ಮೇಷ್ಟ್ರು ಎಂಜಿನಿಯರಮ್ಮನ ಕಡೆ ನೋಡಿದರು. ಮತ್ತೆ ನೆಲ ನೋಡಿದರು.

"ಹೇಳಬೇಡಿ," ಎಂದಳು ಅವಳು.

"ಮಗೂ..."

"ಹೇಳಬೇಡಿ ಅಂದೆ."

"ಪುಟ್ಟಿ," ಎಂದರು ಮೇಷ್ಟ್ರು.

ಅವಳು ಹಲಗೆಯ ಮೇಲಿನ ಪೆನ್ಸಿಲುಗಳನ್ನು ನೋಡುತ್ತ ನಿಂತಳು. ಅಳಲಿಲ್ಲ. ಆ ಹುಡುಗಿಯ ಮೊದಲ ಹಲ್ಲು, ಮೊದಲ ಜ್ವರ, ಮೊದಲ ಸಂಬಳ ಎಲ್ಲವೂ ಇವಳ ಕೈ ಮೇಲೆ ಆದದ್ದು. ಪುಟ್ಟಿಯ ಶಾಲೆಯ ಫೀಸಿಗಾಗಿ ಇವಳು ಒಂದು ವರ್ಷ ಓದು ನಿಲ್ಲಿಸಿದ್ದಳು. ಅದನ್ನು ಅವಳಿಗೆ ಇದುವರೆಗೂ ಹೇಳಿಲ್ಲ.

"ಏನಂದಳು ನಿಮಗೆ? ಅವಳ ಮಾತಲ್ಲೇ ಹೇಳಿ."

"'ಅಕ್ಕ ಜ್ವರದಲ್ಲಿ ಅಳತೆ ತಪ್ಪಿದ್ದಾಳೆ ಮೇಷ್ಟ್ರೇ. ನಾನು ತಿದ್ದಿದ್ರೆ ತಂಗಿ ಅಕ್ಕನ್ನ ತಿದ್ದಿದ ಹಾಗಾಗುತ್ತೆ. ನೀವಾದ್ರೆ ಗುರುಗಳು, ನಿಮ್ಮ ಕೈಯಿಂದ ಆದ್ರೆ ತಪ್ಪಿಲ್ಲ' ಅಂದಳು. ಕಣ್ಣಲ್ಲಿ ನೀರು ಹಾಕ್ಕೊಂಡಿದ್ದಳು."

"ಕಣ್ಣಲ್ಲಿ ನೀರು," ಎಂದು ಎಂಜಿನಿಯರಮ್ಮ ನಕ್ಕಳು. "ಫೋನಲ್ಲಿ ನಮ್ಮಿಬ್ಬರ ದನಿ ಒಂದೇ ಸಾರ್. ಅಣ್ಣನಿಗೇ ಎಷ್ಟೋ ಸಲ ಗೊತ್ತಾಗೋದಿಲ್ಲ. ವೆಲ್ಡರಿಗೆ ತೂತು ದೊಡ್ಡದು ಮಾಡ್ಕೊ ಅಂದವಳು ಯಾರು ಅಂತ ಇನ್ನು ಕೇಳಬೇಕಾಗಿಲ್ಲ ಅಲ್ವಾ?"

ದರ್ಜಿ ತಲೆಯಾಡಿಸಿದ. ಸೋಮವಾರದವರೆಗೆ ಕಾಯಬೇಕಾಗಿಲ್ಲ, ಈ ಪ್ಯಾಡ್ ಸಾಕು, ವೆಲ್ಡರ್ ಇವತ್ತೇ ಮನೆಗೆ ಹೋಗಬಹುದು ಎಂದು ಲೆಕ್ಕ ಹಾಕುತ್ತ ಅದನ್ನು ಕೈಗೆತ್ತಿಕೊಂಡ.

"ಎರಡು," ಎಂದರು ಮೇಷ್ಟ್ರು.

"ಏನು ಎರಡು?"

ಅವರು ಬಿಳಿಚಿಕೊಂಡಿದ್ದರು. "ಆ ದಿನ ನಾನು ಸರಿ ಮಾಡಿದ್ದು ಒಂದೇ ಅಲ್ಲ. ಇನ್ನೊಂದು ಫೈಲೂ ಹೀಗೇ ಉಬ್ಬಿದೆ ಅಂತ ಪುಟ್ಟಿ ಅದನ್ನೂ ತೆಗೆದುಕೊಟ್ಟಳು. ಅದನ್ನೂ ಪಾಯಿಂಟ್ ಎಂಟು ಮಾಡಿದೆ ಮಗೂ."

ದರ್ಜಿ ಪ್ಯಾಡಿನ ಹಾಳೆ ತಿರುವಿದ. ಮುಂದಿನ ಪುಟದಲ್ಲೂ ಅದೇ ಕೆಂಪು ಅಕ್ಷರ, ಅದೇ ಗುಣಾಕಾರ. ಮೇಲ್ಗಡೆ ಅಡಿಗೆರೆ ಹಾಕಿ ಬರೆದಿತ್ತು: 'ಆಟದ ಮೈದಾನ, ಹೊಸ ಗ್ಯಾಲರಿ. ಮೇಲಿನ ಸಾಲುಗಳನ್ನು ಹೊರುವ ಬ್ರಾಕೆಟ್ಟು, ಒಟ್ಟು ಹದಿನಾಲ್ಕು.'

"ಇದನ್ನ ಕತ್ತರಿಸಿ ಆಗಿದೆಯಾ?"

"ಹೋದ ವಾರ ಕೂರಿಸಿಯೂ ಆಯ್ತು," ಎಂದಳು ಎಂಜಿನಿಯರಮ್ಮ. ಮಾತು ಮುಗಿಯುವ ಮೊದಲೇ ಫೋನ್ ಅವಳ ಕೈಯಲ್ಲಿತ್ತು. "ಅಣ್ಣನೇ ನಿಂತು ಕೂರಿಸಿದ. ಇವತ್ತು ಅಲ್ಲಿ ಫುಟ್‌ಬಾಲ್ ಫೈನಲ್."

ಅಣ್ಣನ ಫೋನು ಆಫ್ ಆಗಿತ್ತು. ಪುಟ್ಟಿಗೆ ಮಾಡಿದಳು. ಸ್ಪೀಕರ್ ಒತ್ತಿದಳು.

ಸಾವಿರಾರು ಗಂಟಲುಗಳ ಸದ್ದು ಮೇಷ್ಟ್ರ ಕೋಣೆಯನ್ನು ತುಂಬಿತು. ಅದರ ನಡುವೆ, ಎಂಜಿನಿಯರಮ್ಮನದೇ ಎನ್ನಬಹುದಾದ ದನಿ.

"ಅಕ್ಕಾ! ಜೋರಾಗಿ ಹೇಳು, ಏನೂ ಕೇಳಿಸ್ತಿಲ್ಲ!"

"ಎಲ್ಲಿದ್ದೀಯ ನೀನು?"

"ಮೈದಾನದಲ್ಲಿ! ಹೊಸ ಗ್ಯಾಲರಿ, ತುತ್ತತುದಿ ಸಾಲು. ನಿನ್ನ ಮಗಳನ್ನೂ ಕರ್ಕೊಂಡು ಬಂದಿದ್ದೀನಿ, ಕುಣೀತಾ ಇದ್ದಾಳೆ ನೋಡು!"

ದರ್ಜಿಯ ಹುಬ್ಬು ಮೇಲೇರಿತು. ಗೊತ್ತಿದ್ದವಳು ಅಲ್ಲಿ ಹೋಗಿ ಕೂರುತ್ತಿದ್ದಳೇ? ಅದೂ ಅಕ್ಕನ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು?

"ಟಿಕೆಟ್ ಕೊಟ್ಟವರು ಯಾರು ಕೇಳಿ," ಎಂದು ಪಿಸುಗುಟ್ಟಿದ.

"ಪುಟ್ಟಿ, ಟಿಕೆಟ್ ಯಾರು ಕೊಟ್ಟಿದ್ದು?"

"ಅಣ್ಣ! ಆ ಡ್ರಾಯಿಂಗ್ ವಿಷಯದಲ್ಲಿ ಅವನು ಹೇಳಿದಷ್ಟೇ ಮಾಡಿದ್ದಕ್ಕೆ ಬಹುಮಾನ ಅಂತೆ. ಅವನು ಬರಲಿಲ್ಲ. ಅಷ್ಟು ಎತ್ತರ ಕೂತ್ರೆ ತಲೆ ಸುತ್ತುತ್ತೆ ಅಂದ!"

ಇಪ್ಪತ್ತು ವರ್ಷದಿಂದ ಬರೀ ತೊಲೆಯ ಮೇಲೆ, ಏನೂ ಹಿಡಿದುಕೊಳ್ಳದೆ, ಫೋನಿನಲ್ಲಿ ಮಾತಾಡುತ್ತ ನಡೆದಾಡುವ ಅಣ್ಣ. ಡ್ರಾಯಿಂಗ್ ತೆಗೆದು ನೋಡಲಷ್ಟೇ ಬರುತ್ತದೆಂದು ಅವಳು ನಂಬಿದ್ದ, ಕೊಂಡ ಕಬ್ಬಿಣಕ್ಕೂ ಉಳಿದ ಕಬ್ಬಿಣಕ್ಕೂ ತಾನೊಬ್ಬನೇ ಲೆಕ್ಕ ಇಡುತ್ತಿದ್ದ ಅಣ್ಣ. ಇಬ್ಬರು ತಂಗಿಯರಿಗೂ ಅಪ್ಪನ ಜಾಗದಲ್ಲಿ ನಿಂತ ಅಣ್ಣ.

"ಪುಟ್ಟಿ, ಕೇಳು." ಅವಳು ಫೋನನ್ನು ಬಾಯಿಗೆ ಒತ್ತಿ ಹಿಡಿದಳು. "ಅವಳನ್ನ ಎತ್ತಿಕೊಂಡು ಕೆಳಗಿಳಿ. ಓಡಬೇಡ. ಎಲ್ಲರಿಗೂ ಕೂತಿರೋಕೆ ಹೇಳು. ಮೆಲ್ಲಗೆ ಇಳಿ. ಈಗಲೇ."

ಮೇಷ್ಟ್ರ ಕಿಟಕಿಯಾಚೆಯಿಂದ, ಮನೆಗಳ ಮೇಲಿಂದ, ದೊಡ್ಡದೊಂದು ಹೋ ಎದ್ದಿತು. ಅರೆಕ್ಷಣದ ನಂತರ ಅದೇ ಹೋ ಫೋನಿನೊಳಗಿಂದಲೂ ಬಂತು.

"ಏನಂದೆ ಅಕ್ಕ?" ಪುಟ್ಟಿ ಕೂಗುತ್ತಿದ್ದಳು. "ಗೋಲ್ ಆಯ್ತು, ಕೇಳಿಸಲಿಲ್ಲ! ಎಲ್ಲರೂ ಎದ್ದು ನಿಂತ್ರು!"